ಹಗೇವಿನಲ್ಲಿ ನನ್ನ ಬಿ.ಎಸ್ಸಿ.

ನನ್ನ ಬಿ.ಎಸ್ಸಿ. ಪದವಿಯ ಪ್ರಮಾಣಪತ್ರವನ್ನು ನನ್ನ ಅಪ್ಪ ನೆಲದಲ್ಲಿ ಹೂತಿಟ್ಟಿದ್ದ. ಸಿಟ್ಟಿನಿಂದಲ್ಲ, ಹೆಮ್ಮೆಯಿಂದ. ಈ ಮಾತು ಹೇಳಿದರೆ ಈಗಲೂ ಜನ ನನ್ನ ಮುಖ ನೋಡುತ್ತಾರೆ. ಅದಕ್ಕೇ ಮೊದಲಿಂದ ಹೇಳುವುದು ಒಳ್ಳೆಯದು.

ಎಂಬತ್ತರ ದಶಕದಲ್ಲೂ ನವಲಗುಂದದ ಕಡೆಯ ನಮ್ಮೂರಿನಲ್ಲಿ ಜೋಳ ಇಡುತ್ತಿದ್ದದ್ದು ನೆಲದೊಳಗೆ. ಓಣಿಯ ಬಯಲಿನಲ್ಲಿ, ಮನೆಗಳ ಎದುರಿಗೆ, ಹಗೇವುಗಳಿದ್ದವು. ಹಗೇವು ಎಂದರೆ ನೆಲದಡಿಯ ಕಣಜ. ಗಡಿಗೆಯ ಹಾಗೆ ಬಾಯಿ ಸಣ್ಣದು, ಒಬ್ಬರು ಮೈ ಹಿಡಿ ಮಾಡಿಕೊಂಡು ಇಳಿಯುವಷ್ಟು. ಒಳಗೆ ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು. ಗೋಡೆಗುಂಟ ಜೋಳದ ಒಣದಂಟು, ಅಂದರೆ ಕಣಿಕೆ, ಹೊದಿಸಿ, ಜೋಳ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಎಳೆದು, ಮೇಲೆ ಮಣ್ಣು ಬಡಿದು ಸಗಣಿ ಸಾರಿಸಿಬಿಟ್ಟರೆ ಮುಗಿಯಿತು. ಅದರ ಮೇಲೆ ಎತ್ತು ನಡೆಯುತ್ತಿದ್ದವು, ಬಂಡಿ ಹಾಯುತ್ತಿದ್ದವು, ನಾವು ಹುಡುಗಿಯರು ಕುಂಟಾಟ ಆಡುತ್ತಿದ್ದೆವು. ಎಲ್ಲಾ ಹಗೇವುಗಳೂ ಒಳಗೊಳಗೇ ಒಂದಕ್ಕೊಂದು ಕೂಡಿವೆ, ನಮ್ಮದರಲ್ಲಿ ಬಳೆ ಬಿದ್ದರೆ ಮೂರನೆಯ ಮನೆಯವರ ಹಗೇವಿನಲ್ಲಿ ಸಿಗುತ್ತದೆ ಎಂದು ನಾನು ನಂಬಿದ್ದೆ. ಹೈಸ್ಕೂಲಿಗೆ ಹೋದ ಮೇಲೂ ಸ್ವಲ್ಪ ದಿನ ನಂಬಿದ್ದೆ.

ಯಾವ ಹಗೇವಿಗೂ ಮೇಲೆ ಗುರುತು ಇರುತ್ತಿರಲಿಲ್ಲ. ಇರಬಾರದು ಎಂಬುದೇ ಅದರ ಮರ್ಮ. ಹಿಂದೆ ದರೋಡೆಯವರಿಗೆ ಅಂಜಿ, ಆಮೇಲೆ ಸರ್ಕಾರದ ಲೆವಿ ಜೋಳ ವಸೂಲಿಗೆ ಬರುವವರಿಗೆ ಅಂಜಿ, ಜನ ಹಗೇವಿನ ಜಾಗವನ್ನು ಹೆಜ್ಜೆಯ ಲೆಕ್ಕದಲ್ಲಿ ಇಟ್ಟುಕೊಂಡಿದ್ದರು. ಇಂಥದರಿಂದ ಇಷ್ಟು ಹೆಜ್ಜೆ ಎಂದು ಅಪ್ಪ ಮಗನಿಗೆ ಹೇಳಬೇಕು, ಮಗ ತನ್ನ ಮಗನಿಗೆ. ನಮ್ಮ ಅಜ್ಜ ಬೇವಿನ ಮರದಿಂದ ಎಣಿಸುತ್ತಿದ್ದನಂತೆ. ಬೇವಿನ ಮರ ಬಿತ್ತು. ಅಷ್ಟರಲ್ಲಿ ಓಣಿಗೆ ಕರೆಂಟು ಬಂದಿತ್ತು. ಅಪ್ಪ ಲೈಟಿನ ಕಂಬ ಹಿಡಿದ. “ಗಿಡ ಸಾಯತಾವು. ಸರ್ಕಾರದ ಕಬ್ಬಿಣ ಸಾಯೂದಿಲ್ಲ” ಎಂದು ಎಲ್ಲರೆದುರು ಹೇಳುತ್ತಿದ್ದ. ಕಂಬದಿಂದ ಮನೆಯ ಕಡೆಗೆ ಹನ್ನೆರಡು ಹೆಜ್ಜೆ.

ನಮ್ಮ ಮನೆತನದಲ್ಲಿ ಸಹಿ ಮಾಡಲು ಬರುತ್ತಿದ್ದವಳು ನಾನೊಬ್ಬಳೇ. ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಮೂರು ವರ್ಷ ಓದಿ, ಒಂದು ಸಲ ಗಣಿತದಲ್ಲಿ ನಪಾಸಾಗಿ ಕೂತು ಮತ್ತೆ ಎದ್ದು, ಬಿ.ಎಸ್ಸಿ. ಮುಗಿಸಿದೆ. ಪ್ರಮಾಣಪತ್ರ ಮನೆಗೆ ತಂದ ದಿನ ಅಪ್ಪ ಕೈ ತೊಳೆದುಕೊಂಡು ಬಂದು ಮುಟ್ಟಿದ. ಅದಾಗಿ ನಾಲ್ಕು ದಿನಕ್ಕೆ ಅಕ್ಕನ ಬಾಣಂತನಕ್ಕೆಂದು ನಾನು ಬಮ್ಮಿಗಟ್ಟಿಗೆ ಹೋದೆ. ಮೂರು ತಿಂಗಳು ಅಲ್ಲೇ. ತಿರುಗಿ ಬಂದಾಗ ಆಷಾಢದ ಮೋಡ ಕಟ್ಟಿತ್ತು. ಒಂದು ಶನಿವಾರ ಅಂಚೆಯವ ಕಾರ್ಡು ತಂದುಕೊಟ್ಟ: ಬಿ.ಎಡ್. ಸೀಟಿನ ಸಂದರ್ಶನ, ಸೋಮವಾರ ಮುಂಜಾನೆ ಹತ್ತಕ್ಕೆ, ಧಾರವಾಡದಲ್ಲಿ. ಮೂಲ ಪ್ರಮಾಣಪತ್ರ ತರದವರ ಸೀಟು ಮುಂದಿನವರಿಗೆ ಹೋಗುತ್ತದೆ. ಆ ಸೀಟು ಹೋದರೆ ನನ್ನ ಮುಂದೆ ಇದ್ದದ್ದು ಮದುವೆ ಒಂದೇ. ಕುಂದಗೋಳದ ಕಡೆಯವರು ಎರಡು ಸಲ ಬಂದು ಚಹಾ ಕುಡಿದು ಹೋಗಿದ್ದರು.

“ಅಪ್ಪಾ, ನನ್ನ ಸರ್ಟಿಫಿಕೇಟ ಎಲ್ಲೈತಿ?”

“ಜೋಪಾನ ಐತಿ.”

“ಟ್ರಂಕಿನ್ಯಾಗ ಇಲ್ಲಲ್ಲ.”

“ಟ್ರಂಕಿನ್ಯಾಗ ಯಾಂವ ಇಡತಾನ? ಹೋದ ಮಳಿಗಾಲದಾಗ ಹೊಲದ ಉತಾರದ ಕಾಗದ ಇಲಿ ತಿಂದದ್ದ ಮರತಿಯೇನ? ಹಗೇವಿನ್ಯಾಗ ಇಟ್ಟೇನಿ.”

ನಾನು ಅಲ್ಲೇ ಕೂತುಬಿಟ್ಟೆ. ಅಪ್ಪನಿಗೆ ನನ್ನ ಸಂಕಟ ತಿಳಿಯಲೇ ಇಲ್ಲ. “ಐದ ವರ್ಷ ಇಟ್ರೂ ಜ್ವಾಳ ಕೆಡೂದಿಲ್ಲ, ನಿನ್ನ ಕಾಗದ ಕೆಡತೈತೇನ? ಬೇವಿನ ಎಲಿ ಹಾಕಿ, ತಗಡಿನ ಡಬ್ಬಿಗೆ ಮೇಣ ಬಡದು, ಅಗದಿ ಜ್ವಾಳದ ನಡುವ ಇಟ್ಟೇನಿ.”

ತರ್ಕದಲ್ಲಿ ತಪ್ಪು ಹುಡುಕಲು ನೋಡಿದೆ. ಸಿಗಲಿಲ್ಲ.

ಮಳೆಗಾಲದಲ್ಲಿ ಹಗೇವು ತೆಗೆಯಬಾರದು. ಒಮ್ಮೆ ತೆಗೆದರೆ ತಂಪು ಹೊಗುತ್ತದೆ, ಒಳಗಿನದನ್ನೆಲ್ಲ ಮನೆಗೆ ಸಾಗಿಸಲೇಬೇಕು. ಅವ್ವ ಅದನ್ನೇ ಹೇಳಿದಳು, “ವರ್ಷದ ಜ್ವಾಳ ಐತಿ.” ಅಪ್ಪ ಸಲಿಕೆ ಹುಡುಕಲು ಹೋದ. ಅವನು ನನ್ನ ಪರವಾಗಿ ಮಾತಾಡಿದ್ದು ನನಗೆ ನೆನಪಿಲ್ಲ. ಸಲಿಕೆ ಹುಡುಕಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ರವಿವಾರ ಮುಂಜಾನೆ ಕಂಬಕ್ಕೆ ಬೆನ್ನು ಹಚ್ಚಿ ನಿಂತು, ಹನ್ನೆರಡು ಹೆಜ್ಜೆ ಎಣಿಸಿ, ಅಪ್ಪ ಅಗೆಯತೊಡಗಿದ. ಓಣಿ ಪೂರ್ತಿ ನೆರೆಯಿತು. ನಮ್ಮ ಎದುರುಮನೆಯ ಕಾಕಾ ಮಾತ್ರ ನಿಂತಲ್ಲಿ ನಿಲ್ಲಲಾರ.

“ಅಲ್ಲೆ ಅಗಿಬ್ಯಾಡೋ. ಅಲ್ಲೇನಿಲ್ಲ.”

“ನಿನಗ್ಯಾಂಗ ಗೊತ್ತ?” ಎಂದ ಅಪ್ಪ.

“ಇಲ್ಲ... ಸುಮ್ನ ಅಂದೆ.”

ಈ ಕಾಕಾನ ಬಗ್ಗೆ ಒಂದು ಮಾತು ಹೇಳಬೇಕು. ಹಿಂದಿನ ವಾರವೇ ಮಠದ ಶ್ರಾವಣದ ದಾಸೋಹಕ್ಕೆ ಮನೆಗೊಂದು ಚೀಲ ಜೋಳ ಕೂಡಿಸಿದ್ದರು. ಕಾಕಾ ಒಂದು ಸೇರು ಕೊಟ್ಟಿದ್ದ. “ನಮ್ಮ ಹಗೇವು ಕುಸದು ಎರಡ ವರ್ಷ ಆತ್ರಿ, ಒಳಗ ಬರೇ ಮಣ್ಣ ತುಂಬೇತಿ” ಎಂದು ಸ್ವಾಮಿಗಳ ಮುಂದೆ ಕಣ್ಣಲ್ಲಿ ನೀರು ತಂದಿದ್ದ.

ಸಲಿಕೆಗೆ ಕಲ್ಲು ತಾಗಿತು. ನಾಲ್ಕು ಜನ ಸೇರಿ ಚಪ್ಪಡಿ ಸರಿಸಿದರು. ಬಾಯಿಯ ತನಕ ಬಿಳಿಜೋಳ! ಅಪ್ಪ ನೋಡಿದ. ನಮ್ಮದು ಅರ್ಧವೇ ತುಂಬಿದ್ದು. ಇದು ನಮ್ಮದಲ್ಲ.

ಆಮೇಲೆ ಒಬ್ಬೊಬ್ಬರಾಗಿ ಕಾಕಾನ ಕಡೆ ತಿರುಗಿದರು. ಕಾಕಾ ಜೋಳ ನೋಡಿದ, ಮೋಡ ನೋಡಿದ, ತನ್ನ ಕಾಲು ನೋಡಿದ.

“ಇಲಿ ತಂದು ತುಂಬ್ಯಾವೋ ಏನೋ” ಎಂದ.

ಓಣಿ ಸ್ಫೋಟವಾಯಿತು. ನಗುತ್ತ ನಗುತ್ತ ಒಬ್ಬರ ಮೇಲೊಬ್ಬರು ಬಿದ್ದರು. ನನ್ನ ಸೀಟು ಗಾಳಿಯಲ್ಲಿ ತೂಗುತ್ತಿದೆ ಎಂಬುದನ್ನೂ ಮರೆತು ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮರುಕ್ಷಣ ನೆನಪಾಯಿತು. ನಮ್ಮ ಹಗೇವು ಎಲ್ಲಿ?

ಕಟ್ಟೆಯ ಮೇಲೆ ಕೂತಿದ್ದ ನಮ್ಮ ಆಯಿ, ಅಪ್ಪನ ತಾಯಿ, ಆಗ ಬಾಯಿ ತೆರೆದಳು. “ನೀ ಹನ್ನೆರಡ ಹೆಜ್ಜಿ ನಡದಿ, ಸರಿ. ಕಂಬ ಎಷ್ಟ ನಡದೈತಿ?”

ಅಪ್ಪ ಹಗೇವು ಮುಚ್ಚಿದ ಮೇಲೆ, ವೈಶಾಖದ ಗಾಳಿಗೆ ಕಂಬ ವಾಲಿತ್ತು. ಲೈನ್‌ಮನ್‌ಗಳು ಬಂದು ಅದನ್ನು ಕಿತ್ತು ಎದುರುಮನೆಯ ಕಡೆಗೆ ಸರಿಸಿ ನೆಟ್ಟು ಹೋಗಿದ್ದರು. ನಾನು ಊರಲ್ಲಿರಲಿಲ್ಲ. ಅಪ್ಪ ಅಲ್ಲೇ ನಿಂತು ಅವರಿಗೆ ನೀರು ಕೊಟ್ಟಿದ್ದನಂತೆ. ಆದರೂ ಅವನಿಗೆ ಕಂಬ ಎಂದರೆ ಕಂಬ. ಸರ್ಕಾರದ್ದು. ಅದು ಸರಿದೀತೆಂದು ತಲೆಗೆ ಹೋಗಲೇ ಇಲ್ಲ.

ಹಳೆಯ ಕಂಬದ ಗುಂಡಿ ಹುಡುಕಲು ಎಲ್ಲರೂ ನೆಲ ನೋಡುತ್ತ ಓಡಾಡಿದರು. ಮೆತ್ತಗಿನ ಮಣ್ಣು ನನ್ನ ಹಿಮ್ಮಡಿಗೇ ಸಿಕ್ಕಿತು. ಅಲ್ಲಿಂದ ಅಪ್ಪ ಮತ್ತೆ ಹನ್ನೆರಡು ಎಣಿಸಿದ. ಈ ಸಲ ಓಣಿಯೇ ದನಿಗೂಡಿಸಿ ಎಣಿಸಿತು. ಎಲ್ಲರಿಗಿಂತ ಜೋರಾಗಿ ಅಗೆದವನು ಕಾಕಾ.

ಚಪ್ಪಡಿ ಎದ್ದಿತು. ಕತ್ತಲು, ಕಾವು, ಮತ್ತು ಒಂದು ವಾಸನೆ. ಹುಳಿಯಲ್ಲ, ಸಿಹಿಯಲ್ಲ, ಹುರಿದ ಜೋಳಕ್ಕೂ ಹಸಿ ಮಣ್ಣಿಗೂ ನಡುವಿನದು. ಅಪ್ಪ ಕಂದೀಲು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಆಳೆತ್ತರ ಇಳಿಯುವುದರೊಳಗೆ ದೀಪ ಪಕ್ಕನೆ ಆರಿತು.

“ಕಾರ್ಬನ್ ಡೈಆಕ್ಸೈಡ್” ಎಂದೆ ನಾನು. ಮೂರು ವರ್ಷದ ಓದು ಸುಮ್ಮನೆ ಕೂರುತ್ತದೆಯೇ?

“ಹೆಸರ ಏನರ ಇರಲಿ. ದೀಪ ಆರಿತು, ಇಳಿಬಾರದು” ಎಂದ ಅಪ್ಪ.

ನನ್ನ ಡಿಗ್ರಿ ಹೇಳಿದ್ದೂ ಅದನ್ನೇ. ಕೆಟ್ಟ ಗಾಳಿ ಹೊರಬೀಳಲೆಂದು ಬೇವಿನ ಟೊಂಗೆಗಳನ್ನು ಹಗ್ಗಕ್ಕೆ ಕಟ್ಟಿ ಬಾವಿಯಲ್ಲಿ ಕೊಡ ಆಡಿಸಿದ ಹಾಗೆ ಮೇಲೆ ಕೆಳಗೆ ಆಡಿಸಿದರು. ಮಧ್ಯಾಹ್ನ ಆಯಿತು. ನಾಲ್ಕನೆಯ ಸಲ ಕಂದೀಲು ಜೋಳ ಮುಟ್ಟುವ ತನಕ ಉರಿಯುತ್ತ ಹೋಯಿತು.

ಇಳಿಯುವವರು ಯಾರು? ಅಪ್ಪನ ಮೊಣಕಾಲು ಮಡಚುತ್ತಿರಲಿಲ್ಲ. ಓಣಿಯಲ್ಲಿ ಹಗೇವು ಇಳಿಯುವ ಕೆಲಸ ಮೊದಲಿನಿಂದ ಕಾಕಾನದೇ. ಮುಂಜಾನೆಯ ಅವಮಾನ ತೊಳೆಯಲು ಅವನು ಧೋತರ ಎತ್ತಿ ಕಟ್ಟಿ ಕಾಲು ಇಳಿಬಿಟ್ಟ. ಸೊಂಟ ಹೋಯಿತು. ಹೊಟ್ಟೆ ನಿಂತಿತು. ಮೇಲೂ ಬರಲೊಲ್ಲ, ಕೆಳಗೂ ಹೋಗಲೊಲ್ಲ.

“ಕುಸದ ಹಗೇವಿನ ಮಣ್ಣ ತಿಂದು ಬೆಳಸಿದ ಹೊಟ್ಟಿ ನೋಡ್ರಿ” ಎಂದಳು ಆಯಿ.

“ಯವ್ವಾ, ನಗಸಬ್ಯಾಡ, ಇನ್ನಷ್ಟ ಸಿಕ್ಕೋತೇನಿ!” ಎಂದು ಕಾಕಾ ಬೇಡಿಕೊಂಡ. ಕಂಕುಳಿಗೆ ಕೈಹಾಕಿ ಎಳೆದು ತೆಗೆದರು.

“ನಾ ಇಳೀತೇನಿ” ಎಂದೆ.

ಅಪ್ಪ ತಲೆ ಅಲ್ಲಾಡಿಸಿದ. “ಹೆಣ್ಣಮಗಳ ಹಗೇವಿನ್ಯಾಗ ಇಳದದ್ದ ನಾ ಎಲ್ಲೂ ಕೇಳಿಲ್ಲ.”

“ಹೆಣ್ಣಮಗಳ ಬಿ.ಎಸ್ಸಿ. ಮಾಡಿದ್ದ ಎಲ್ಲೆ ಕೇಳಿದ್ದಿ?” ಎಂದಳು ಆಯಿ. “ಇಳಿ ಬೇ ನೀ.”

ಕಚ್ಚೆ ಹಾಕಿದೆ. ಸೊಂಟಕ್ಕೆ ಹಗ್ಗ ಬಿಗಿದರು. ಕಾಲು, ಸೊಂಟ, ಭುಜ, ಆಮೇಲೆ ನಾನು ಪೂರ್ತಿ ನೆಲದೊಳಗೆ. ಕಾಲು ಜೋಳದಲ್ಲಿ ಮೊಣಕಾಲ ಮಟ್ಟ ಹೂತಿತು. ಬೆಚ್ಚಗಿತ್ತು, ಹಸುವಿನ ಮೈಗೆ ಆನಿಕೊಂಡ ಹಾಗೆ. ಇಪ್ಪತ್ತೆರಡು ವರ್ಷ ನಾನು ಓಡಿ ಆಡಿದ ಓಣಿಯ ಕೆಳಗೆ ನಿಂತಿದ್ದೆ! ಮೇಲೆ ರೊಟ್ಟಿಯಷ್ಟು ಆಕಾಶ. ರೊಟ್ಟಿಯ ಅಂಚಿಗೆ ಸುತ್ತಲೂ ತಲೆಗಳು. ಒಂದು ಎಮ್ಮೆ ನಡೆದುಹೋದದ್ದು ನನ್ನ ನೆತ್ತಿಯ ಮೇಲೆ ಧಪ್ ಧಪ್ ಎಂದು ಕೇಳಿತು. ಸಣ್ಣಂದಿನ ನೆನಪಾಗಿ, ಬೇರೆ ಹಗೇವಿಗೆ ಹೋಗುವ ದಾರಿ ಇದೆಯೇನೋ ಎಂದು ಗೋಡೆ ತಡವಿ ನೋಡಿದೆ. ಪದವೀಧರೆ ನಾನು, ತಡವಿ ನೋಡಿದೆ! ಕಾಕಾನ ಮುಖ, ಕಾಕಾನ ಹೊಟ್ಟೆ, ಇಲಿಗಳು ಸಾಲಾಗಿ ಜೋಳ ಹೊತ್ತು ತರುವುದು, ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿತು. ನಗು ಬಂತು. ಹಗೇವಿನಲ್ಲಿ ನನ್ನ ನಗು ಹತ್ತು ಜನರ ನಗುವಾಗಿ ತಿರುಗಿ ಬಂತು. ಅದಕ್ಕೆ ಇನ್ನಷ್ಟು ನಕ್ಕೆ.

ಅಷ್ಟೇ. ಹಗ್ಗ ಬಿಗಿಯಿತು. ಕಾಲು ಜೋಳ ಬಿಟ್ಟಿತು. ಗಡಗಡನೆ ಮೇಲೆ ಬಂದೆ.

“ಯಾಕ ಎಳದ್ರಿ? ನಾ ಇನ್ನೂ ಹುಡುಕೇ ಇಲ್ಲ!”

“ನಗಾಕತ್ತಿದ್ದಿಯಲ್ಲ” ಎಂದ ಅಪ್ಪ. ಹಗ್ಗ ಇನ್ನೂ ಅವನ ಮುಷ್ಟಿಯಲ್ಲೇ ಇತ್ತು. “ಗಾಳಿ ತಲಿಗೇರಿತು ಅನ್ಕೊಂಡೆ.”

“ನಗು ಬಂತು, ನಕ್ಕೆ.”

“ಹಗೇವಿನ್ಯಾಗ ನಗೂದಂದ್ರ ಏನ ಬೇ? ಮತ್ತ ಇಳಿಯೂದಿದ್ರ ಏನರ ಅನಕೋತ ಇರಬೇಕು. ನಿಂತ್ರೂ ಎಳೀತೇವಿ, ನಕ್ರೂ ಎಳೀತೇವಿ.”

ಏನು ಅನ್ನಬೇಕು? ಬಾಯಿಗೆ ಬಂದದ್ದು ಒಂದೇ. ಎರಡನೆಯ ಸಲ ಇಳಿದು, ಜೋಳದಲ್ಲಿ ತೋಳುಮಟ್ಟ ಕೈ ಹಾಕಿ ಶುರು ಮಾಡಿದೆ: ಹೈಡ್ರೋಜನ್, ಹೀಲಿಯಂ, ಲಿಥಿಯಂ, ಬೆರಿಲಿಯಂ. ಹಗೇವು ಅದನ್ನು ಎತ್ತಿಕೊಂಡು ದೊಡ್ಡ ದನಿಯಲ್ಲಿ ಓಣಿಗೆ ಕೊಟ್ಟಿತು. ಬೋರಾನ್, ಕಾರ್ಬನ್, ನೈಟ್ರೋಜನ್. ಮೇಲೆ ಯಾರೋ “ಏನದು?” ಅಂದರು. “ಸಂಸ್ಕೃತ. ಸುಮ್ನಿರು” ಎಂದಳು ಆಯಿ. ಆಮೇಲೆ ಅವ್ವ ಹೇಳಿದಳು, ಆಯಿ ಕೈ ಮುಗಿದು ಕೂತಿದ್ದಳಂತೆ.

ನನಗೆ ಬಾಯಿಪಾಠ ಇದ್ದದ್ದು ಇಪ್ಪತ್ತೇ. ಆರ್ಗಾನ್, ಪೊಟ್ಯಾಸಿಯಂ, ಕ್ಯಾಲ್ಸಿಯಂ. ಮುಗಿಯಿತು. ಡಬ್ಬಿ ಸಿಗಲಿಲ್ಲ. ಉಸಿರು ತೆಗೆದುಕೊಳ್ಳಲು ಒಂದು ಗಳಿಗೆ ನಿಂತೆ, ಹಗ್ಗ ಬಿಗಿಯಿತು. “ಹೈಡ್ರೋಜನ್!” ಎಂದು ಚೀರಿದೆ. ಸಡಿಲವಾಯಿತು. ಮತ್ತೆ ಮೊದಲಿನಿಂದ. ಈ ಸುತ್ತಿನಲ್ಲೂ ಸಿಗದಿದ್ದರೆ ಏನು ಮಾಡಲಿ? ಒಳಗೆ ಜೋಳ ಸರಿಸಿದಷ್ಟೂ ಮತ್ತೆ ಬಂದು ತುಂಬುತ್ತಿತ್ತು. ಸೋಡಿಯಂ, ಮೆಗ್ನೀಷಿಯಂ, ಅಲ್ಯುಮಿನಿಯಂ. ಬೆರಳಿಗೆ ತಣ್ಣಗಿನದು ತಾಗಿತು. ತಗಡು.

“ಸಿಲಿಕಾನ್!” ಎಂದು ಕೂಗಿದೆ. “ಸಿಲಿಕಾನ್, ಅಪ್ಪಾ! ಎಳೀರಿ!”

ಮೇಲೆ ಬಂದಾಗ ಕೂದಲೆಲ್ಲ ಜೋಳದ ದೂಳು. ಯಾರೋ ಶಿಳ್ಳೆ ಹೊಡೆದರು. ದೊಡ್ಡ ಹನಿಗಳು ಬೀಳತೊಡಗಿದವು. ಎರಡು ಹಗೇವು ಬಾಯಿ ತೆರೆದಿದ್ದವು. ಓಣಿ ಬುಟ್ಟಿ, ಚೀಲ, ಕೊಡ, ಸಿಕ್ಕಿದ್ದನ್ನು ತಂದಿತು. ನಮ್ಮದು ನಮ್ಮ ಪಡಸಾಲೆಗೆ. ಕಾಕಾನದು ಕಾಕಾನ ಮನೆಗೆ. ಅವನ ಪಡಸಾಲೆ ತುಂಬಿತು, ಅಡಿಗೆಮನೆ ತುಂಬಿತು, ಜೋಳ ಹೊಸ್ತಿಲು ದಾಟಿ ಹೊರಗೆ ಹರಿಯಿತು. ಉಳಿದದ್ದನ್ನು ಇಡಲು ಒಣ ಜಾಗ ಮಠ ಒಂದೇ. “ದಾಸೋಹಕ್ಕ ಅಂತನ ಇಟ್ಟಿದ್ದೆ” ಎಂದ ಕಾಕಾ. ಯಾರೂ ನಗಲಿಲ್ಲ. ನಗಲು ಶಕ್ತಿ ಉಳಿದಿರಲಿಲ್ಲ.

ಸೋಮವಾರ ಮೊದಲ ಬಸ್ಸು. ಮೇಜಿನ ಆಚೆಗಿದ್ದ ಗುಮಾಸ್ತರ ಎದುರೇ ಮೇಣ ಕೆರೆದು ಡಬ್ಬಿ ತೆಗೆದೆ. ಬೇವಿನ ಒಣ ಎಲೆ ಅವರ ರಿಜಿಸ್ಟರಿನ ಮೇಲೆಲ್ಲ ಉದುರಿತು. ಕಾಗದಕ್ಕೆ ಒಂದು ಕಲೆ ಇರಲಿಲ್ಲ. ಅವರು ಅದನ್ನು ಮೂಗಿನ ಹತ್ತಿರ ಹಿಡಿದರು.

“ಎಲ್ಲಿ ಇಟ್ಟಿದ್ರಿ ಇದನ್ನ?”

“ಹಗೇವಿನ್ಯಾಗ್ರೀ.”

ಅವರು ತಲೆ ಎತ್ತಿ ನೋಡಿದರು. ಮತ್ತೊಮ್ಮೆ ಮೂಸಿದರು. “ಮೂಲ ಪ್ರತಿ ಇದೆ” ಎಂದು ಬರೆದು ಸಿಕ್ಕೆ ಒತ್ತಿದರು. ಸೀಟು ನನ್ನದಾಯಿತು.

ಸಂಜೆ ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ. “ಸಿಕ್ಕಿತು” ಎಂದೆ. ಅವನು ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಅಲ್ಲಾಡಿಸಿದ.

“ಕಾಗದ?”

“ವರ್ಷ ಮುಗಿಯೂ ತನಕ ಕಾಲೇಜಿನವರ ಇಟ್ಕೋತಾರಪ್ಪಾ.”

“ಎಲ್ಲೆ ಇಡತಾರ?”

“ಕಪಾಟಿನ್ಯಾಗ.”

“ಕಪಾಟಿನ್ಯಾಗ!” ಅಪ್ಪ ರಸ್ತೆಯ ನಡುವೆ ನಿಂತುಬಿಟ್ಟ. “ಕಟ್ಟಗೀದೋ, ಕಬ್ಬಿಣದ್ದೋ?”

ನಾನು ನೋಡಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಅಪ್ಪ ಧಾರವಾಡಕ್ಕೆ ಹೋದ. ಜೀವಮಾನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಒಂದು ಕೈಯಲ್ಲಿ ತಗಡಿನ ಡಬ್ಬಿ, ಇನ್ನೊಂದು ಕೈಯಲ್ಲಿ ಬೇವಿನ ತಪ್ಪಲು, ಜೇಬಿನಲ್ಲಿ ಮೇಣದ ಉಂಡೆ. ಆ ಗುಮಾಸ್ತರಿಗೆ ಏನು ಹೇಳಿದನೋ, ಅವನೂ ಹೇಳಲಿಲ್ಲ, ಅವರೂ ಹೇಳಲಿಲ್ಲ. ಆದರೆ ಆ ವರ್ಷವಿಡೀ, ಎಲ್ಲರ ಪ್ರಮಾಣಪತ್ರಗಳು ಫೈಲಿನಲ್ಲಿ ದಾರ ಕಟ್ಟಿಸಿಕೊಂಡು ಮಲಗಿದ್ದಾಗ, ನನ್ನದೊಂದು ಮಾತ್ರ ಕಪಾಟಿನ ಕೆಳಗಿನ ಖಾನೆಯಲ್ಲಿ ಮೇಣ ಬಡಿದ ಡಬ್ಬಿಯೊಳಗೆ ಕೂತಿತ್ತು. ವರ್ಷದ ಕೊನೆಗೆ ತಿರುಗಿ ಕೊಡುವಾಗ ಅವರೇ ಹೇಳಿದರು, ಆ ಖಾನೆಯಲ್ಲಿ ಇಲಿ ಎರಡು ಫೈಲು ತಿಂದಿದ್ದವಂತೆ.

ಅಪ್ಪನಿಗೆ ಇದನ್ನು ಹೇಳಲು ನಾನು ಬಸ್‌ಸ್ಟ್ಯಾಂಡಿನಿಂದ ಮನೆಯ ತನಕ ಓಡಿಕೊಂಡೇ ಹೋದೆ.