ವೆಂಕಮ್ಮನ ಮುಡಿಪು, ಯಶವಂತನ ಐದು ವರ್ಷ

ಯಶವಂತ ಹೋಗಿ ಇಪ್ಪತ್ತು ದಿನವಾಯಿತು. ಹತ್ತು ದಿನದ ಜ್ವರ, ಮೂವತ್ತೊಂದು ವಯಸ್ಸು. ಅದರ ಬಗ್ಗೆ ಬರೆಯಲು ನನ್ನಲ್ಲಿ ಏನೂ ಇಲ್ಲ. ಅವನು ಬದುಕಿದ್ದ ರೀತಿಯ ಬಗ್ಗೆ ಬರೆಯಬಹುದು. ನೆನೆದರೆ ಈಗಲೂ ನಗು ಬರುತ್ತದೆ. ಬಂದರೆ ಬರಲಿ.

ಅವನು ಜಯಪುರದಿಂದ ಕೊಪ್ಪದ ಮೇಲೆ ನರಸಿಂಹರಾಜಪುರಕ್ಕೆ ಹೋಗುವ ಬಸ್ಸಿನ ಕಂಡಕ್ಟರ್. ಆ ದಾರಿಯ ತಿರುವುಗಳಲ್ಲಿ ಕೂತವರೇ ಸೀಟಿನ ಕಂಬಿ ಬಿಗಿಹಿಡಿಯುತ್ತಾರೆ. ಯಶವಂತ ಮಾತ್ರ ಒಂದು ಕೈಯಲ್ಲಿ ಟಿಕೆಟ್ ಪುಸ್ತಕ, ಇನ್ನೊಂದರಲ್ಲಿ ಪೆನ್ನು ಹಿಡಿದು, ಯಾವುದಕ್ಕೂ ಒರಗದೆ ಬಸ್ಸಿನ ನಡುವೆ ನಿಂತಿರುತ್ತಿದ್ದ. ಕೊಪ್ಪದಲ್ಲಿ ಕರಾಟೆ ಕಲಿಸುತ್ತಿದ್ದ ಹರಿಹರ ಮಾಸ್ಟರ್ ಒಂದು ದಿನ ಅದೇ ಬಸ್ಸಿನಲ್ಲಿ ಬರುತ್ತಾ ಅವನ ಕಾಲುಗಳನ್ನೇ ನೋಡಿದರಂತೆ. ಇಳಿಯುವಾಗ, "ನಾಳೆ ಸಂಜೆ ಕ್ಲಾಸಿಗೆ ಬಾ. ನಿನ್ನನ್ನ ಬೀಳಿಸೋರು ಯಾರಿದ್ದಾರೆ ನೋಡೋಣ" ಎಂದರು. ಅದು 2000ನೇ ಇಸವಿ.

ಮಾಸ್ಟರಿಗೆ ಆಗ ಹೊಸ ಹುಚ್ಚೊಂದು ಹಿಡಿದಿತ್ತು. ಗುದ್ದು, ಒದೆ, ಕುಸ್ತಿಯ ಪಟ್ಟು ಎಲ್ಲವೂ ನಡೆಯುವ ಹೊಸ ಬಗೆಯ ಹೊಡೆದಾಟದ ಸಿ.ಡಿ.ಗಳನ್ನು ಎಲ್ಲಿಂದಲೋ ತರಿಸಿ ನೋಡುತ್ತಿದ್ದರು. ನಮ್ಮೂರು ಕಮ್ಮರಡಿಯ ಜನ ಅದಕ್ಕೆ 'ಮಿಕ್ಸ್ಚರ್ ಫೈಟ್' ಎಂದು ಹೆಸರಿಟ್ಟರು. ಎರಡು ವರ್ಷದಲ್ಲಿ ಯಶವಂತ ಶಿವಮೊಗ್ಗ, ಹಾಸನ ಎಂದು ನಾಲ್ಕು ಕಡೆ ಹೋಗಿ ನಾಲ್ಕನ್ನೂ ಗೆದ್ದು ಬಂದ. ನೀರಿನ ಬಾಟಲಿ, ಟವೆಲ್ಲು ಹಿಡಿದು ಹಿಂದೆ ಹೋಗುವ ಕೆಲಸ ಗೆಳೆಯನಾದ ನನ್ನದು. ಸುದ್ದಿ ಹಬ್ಬಿದ ಮೇಲೆ ಬಸ್ಸಿನಲ್ಲಿ ಹೆಂಗಸರು, "ಚಿಲ್ಲರೆ ಇಲ್ದಿದ್ರೆ ಬೇಡ ಬಿಡಪ್ಪ, ಹೊಡೀಬೇಡ ಮಾರಾಯ" ಎನ್ನುತ್ತಿದ್ದರು. ಅವನು ನಾಚಿಕೊಂಡು ಹುಡುಕಿ ಹುಡುಕಿ ಚಿಲ್ಲರೆ ಕೊಡುತ್ತಿದ್ದ.

ಐದನೆಯದು ಮಂಗಳೂರಿನಲ್ಲಿ. ಹೊರಡುವ ಬೆಳಿಗ್ಗೆ ಅವನು ಎದ್ದು ಬರುವಾಗ ತಾಯಿ ವೆಂಕಮ್ಮ ಮಿಂದು, ಒದ್ದೆ ತಲೆಯಲ್ಲೇ, ಅರಿಸಿನದ ಬಟ್ಟೆಯಲ್ಲಿ ನಾಣ್ಯವೊಂದನ್ನು ಗಂಟು ಕಟ್ಟಿ ದೇವರ ಗೂಡಿನಲ್ಲಿ ಇಡುತ್ತಿದ್ದರು. ಮುಡಿಪು. ಅಂದರೆ ದೇವರಿಗೆ ಏನನ್ನೋ ಹೇಳಿಕೊಂಡಿದ್ದಾರೆ, ಅದು ಈಡೇರಿದ ದಿನ ಗಂಟನ್ನು ಒಯ್ದು ಒಪ್ಪಿಸುತ್ತಾರೆ. ಅವರ ಮನೆಯಲ್ಲಿ ಒಂದು ನಿಯಮ: ಮುಡಿಪು ತೀರುವವರೆಗೆ ಕಟ್ಟಿದವರು ಬಾಯಿ ಬಿಡುವಂತಿಲ್ಲ, ಕಂಡವರು ಕೇಳುವಂತಿಲ್ಲ. ಕೇಳಿದರೆ ಹರಕೆ ಕೆಟ್ಟಿತು.

ಯಶವಂತ ಕೇಳಲಿಲ್ಲ. ಮಂಗಳೂರಿನಲ್ಲಿ ಸೋತ, ಮೂಗೂ ಮುರಿಯಿತು. ಮನೆಗೆ ಬಂದಾಗ ವೆಂಕಮ್ಮ ಆ ಮೂಗನ್ನು ನೋಡಿ ಸರ್ರನೆ ಒಳಗೆ ಹೋದರು. ಗಂಟು ಅಲ್ಲೇ ಇತ್ತು. ಇವನಿಗೆ ಎಲ್ಲವೂ ಅರ್ಥವಾಯಿತು, ಅಥವಾ ಆಯಿತೆಂದುಕೊಂಡ.

"ನಾನು ಇದನ್ನ ಬಿಡ್ಲಿ ಅಂತ ಅಮ್ಮ ಹರಕೆ ಹೊತ್ತಿದೆ ಮಾರಾಯ. ಬಿಟ್ಟುಬಿಡ್ತೀನಿ" ಎಂದ.

"ಕೇಳಿ ನೋಡಾ" ಎಂದೆ ನಾನು.

"ಎಂತ ಕೇಳೋದು? ಕೇಳಬಾರದಲ್ಲ."

ಇಪ್ಪತ್ನಾಲ್ಕರ ವಯಸ್ಸಿಗೆ ಗ್ಲೌಸನ್ನು ಅಟ್ಟಕ್ಕೆ ಎಸೆದ. ಹರಿಹರ ಮಾಸ್ಟರ್ ಮನೆಗೇ ಬಂದು ಬೈದರೂ ಜಪ್ಪಯ್ಯ ಎನ್ನಲಿಲ್ಲ.

ಒಂದು ವರ್ಷವಾಯಿತು, ಗಂಟು ಬಿಚ್ಚಲಿಲ್ಲ. "ಅಮ್ಮಂಗೆ ಇನ್ನೂ ನಂಬಿಕೆ ಬಂದಿಲ್ಲ" ಎಂದು ಯಶವಂತ ಕ್ಲಾಸಿನ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟ. ಮತ್ತೂ ಬಿಚ್ಚಲಿಲ್ಲ. ಸಿ.ಡಿ.ಗಳನ್ನು ವಾಪಸು ಕೊಟ್ಟ. ಬೆಳಗಿನ ಓಟ ಬಿಟ್ಟ. ಮೂರನೆಯ ವರ್ಷ ಬಸ್ಸಿನಲ್ಲಿ ಯಾರೋ ಕುಡಿದು ಬಂದು ಅವನ ಕೊರಳಪಟ್ಟಿ ಹಿಡಿದಾಗಲೂ ಕೈ ಕಟ್ಟಿಕೊಂಡು ನಿಂತ. "ಅಮ್ಮಂಗೆ ಗೊತ್ತಾದ್ರೆ ಬಿಟ್ಟ ವರ್ಷಾನ ಮತ್ತೆ ಮೊದಲಿಂದ ಎಣಿಸ್ತದೆ" ಎಂದು ನನ್ನ ಹತ್ತಿರ ಪಿಸುಗುಟ್ಟಿದ. ಇನ್ನೊಂದು ಕಡೆ ವೆಂಕಮ್ಮ ದಿನಾ ಬೆಳಿಗ್ಗೆ ಅವನ ತಟ್ಟೆಗೆ ನಾಲ್ಕು ಬೇಯಿಸಿದ ಮೊಟ್ಟೆ ಇಡುವುದನ್ನು ನಿಲ್ಲಿಸಿರಲಿಲ್ಲ. ಮಾಸ್ಟರ್ ಹೇಳಿದ್ದ ಊಟ ಅದು. ಯಾಕೆ ಇನ್ನೂ ಇಡುತ್ತಾರೆಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ತೂಕ ಮಾತ್ರ ಏರುತ್ತಿತ್ತು.

2007ರಲ್ಲಿ ಅವನಿಗೆ ಮದುವೆಯಾಯಿತು. ನರಸಿಂಹರಾಜಪುರದ ಹುಡುಗಿ ನಯನ. ದೀಪಾವಳಿಯ ಹಿಂದಿನ ದಿನ ದೇವರ ಗೂಡು ಒರೆಸುತ್ತಾ ಆ ಗಂಟನ್ನು ಕೈಗೆತ್ತಿಕೊಂಡು, "ಅತ್ತೆ, ಇದೆಂತ ಮುಡಿಪು?" ಎಂದು ಕೇಳಿಯೇಬಿಟ್ಟಳು. ನಾನು ಯಶವಂತನ ಜೊತೆ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ಅವನ ಲೋಟ ಬಾಯಿಯ ಹತ್ತಿರ ನಿಂತಿತು.

ವೆಂಕಮ್ಮ ಹೇಳಿದರು: "ಹೆಂಗೂ ಕೇಳಿಬಿಟ್ಟೆ. ಇವನು ಮಂಗಳೂರಲ್ಲಿ ಗೆಲ್ಲಲಿ ಅಂತ ಕಟ್ಟಿದ್ದು ಕಣೇ. ಸೋತ. ಹೋಗ್ಲಿ, ಮುಂದಿನ ಸಲ ಗೆಲ್ತಾನೆ, ಆಗ ಒಪ್ಪಿಸಿದರಾಯ್ತು ಅಂತ ಇಟ್ಕೊಂಡೆ. ಈ ಮಾರಾಯ ಆಮೇಲೆ ಹೋಗಲೇ ಇಲ್ಲ! ಎಂತಕ್ಕೆ ಅಂತ ಕೇಳಿದ್ರೆ ಮುಡಿಪಿನ ಮಾತೂ ಬಾಯಿಗೆ ಬಂದುಬಿಡ್ತದೆ, ಕೇಳೋ ಹಂಗೂ ಇಲ್ಲ. ಐದು ವರ್ಷ ಮೊಟ್ಟೆ ಬೇಯಿಸಿದ್ದೇ ಬಂತು."

ಯಶವಂತ ಲೋಟ ಕೆಳಗಿಟ್ಟ. ಅಳುತ್ತಾನೋ ಏನೋ ಎಂದು ನಾನು ಮುಖ ನೋಡಿದೆ. ನಕ್ಕು ನಕ್ಕು ಜಗಲಿಯ ಮೇಲೆ ಮಲಗಿಬಿಟ್ಟ. ನಯನ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ವೆಂಕಮ್ಮನಿಗೆ ಮಾತ್ರ ಏನಾಯಿತೆಂದು ತಿಳಿಯಲಿಲ್ಲ. ತಿಳಿಸಿ ಹೇಳಿದ ಮೇಲೆ ಅವರು ಅಡುಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಮರುವಾರ ಯಶವಂತ ಅಟ್ಟದಿಂದ ಗ್ಲೌಸ್ ಇಳಿಸಿದ. ಇಲಿ ಒಂದು ಹೆಬ್ಬೆರಳನ್ನು ತಿಂದಿತ್ತು. ಹರಿಹರ ಮಾಸ್ಟರ್ ಅವನ ಹೊಟ್ಟೆಗೆ ಬೆರಳಿನಿಂದ ತಿವಿದು, "ಇಪ್ಪತ್ತೈದರಿಂದ ಇಪ್ಪತ್ತೊಂಬತ್ತು, ಫೈಟರ್‌ಗೆ ಅದೇ ಕಾಲ. ಅಷ್ಟನ್ನೂ ಟಿಕೆಟ್ ಹರಿಯೋದ್ರಲ್ಲಿ ಕಳೆದೆಯಲ್ಲೋ" ಎಂದರು. ಅವರಿಗೆ ನಗು ಬರಲಿಲ್ಲ. ಆದರೂ ಮೂರು ತಿಂಗಳು ಅವನನ್ನು ಅರೆದರು. ಒಂದು ಗೆಲುವು ಬೇಕು, ಕೇಳಿ ಕೆಟ್ಟಿದ್ದರೂ ಅಮ್ಮನ ಹರಕೆ ಹಾಗೇ ಉಳಿಯಬಾರದು, ಇಷ್ಟೇ ಅವನ ಹಟ.

ಶಿವಮೊಗ್ಗದ ಪಂದ್ಯಕ್ಕೆ ವೆಂಕಮ್ಮನೂ ಬಂದರು. ಅವರು ನೋಡಿದ ಮೊದಲ ಪಂದ್ಯ ಅದು. ಎದುರಾಳಿ ದಾವಣಗೆರೆಯ ಇಪ್ಪತ್ತೆರಡರ ಹುಡುಗ, ಚಿಗರೆಯಂತಿದ್ದ. ಮೊದಲ ಸುತ್ತಿನಲ್ಲಿ ಯಶವಂತನ ಒಂದು ಕಣ್ಣು ಊದಿ ಮುಚ್ಚಿತು. ಬಾಯಿಗೆ ನೀರು ಹಾಕುವಾಗ ಅವನು ನನ್ನ ಕಿವಿಯಲ್ಲಿ, "ಅಮ್ಮ ನೋಡ್ತಿದೆಯಾ?" ಎಂದ. ನೋಡಿದೆ. ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. "ನೋಡ್ತಿದ್ದಾರೆ" ಎಂದೆ.

ಎರಡನೆಯ ಸುತ್ತಿನಲ್ಲಿ ಆ ಹುಡುಗ ನುಗ್ಗಿ ಬಂದು ಸೊಂಟ ಹಿಡಿದು ಎಳೆದ, ಜಗ್ಗಿದ, ತಿರುಗಿಸಿದ. ಯಶವಂತ ಅಲ್ಲಾಡಲಿಲ್ಲ. ಹುಡುಗನಿಗೆ ದಮ್ಮು ಕಟ್ಟಿದ ಗಳಿಗೆಯಲ್ಲಿ ಅವನ ಬೆನ್ನ ಹಿಂದೆ ಹೋಗಿ ಕುತ್ತಿಗೆಗೆ ತೋಳು ಹಾಕಿದ. ಹುಡುಗ ಮ್ಯಾಟನ್ನು ತಟ್ಟಿ ಸೋಲೊಪ್ಪಿದ.

ನಾವು ಕೂಗುತ್ತಿದ್ದಾಗ ವೆಂಕಮ್ಮ ನೇರವಾಗಿ ಆ ಹುಡುಗನ ಹತ್ತಿರ ಹೋಗಿ, "ನೋವಾಯ್ತಾ ಮಗಾ?" ಎಂದು ಕುತ್ತಿಗೆ ಸವರತೊಡಗಿದರು.

"ಅಮ್ಮಾ, ಗೆದ್ದವನು ಇಲ್ಲಿದ್ದೀನಿ!"

"ಗೆದ್ದಿದ್ದೀಯಲ್ಲ, ನಿಂಗೆಂತ ರೋಗ? ಸುಮ್ನೆ ಕೂತ್ಕೊ."

ಮಧ್ಯಾಹ್ನದ ಬಸ್ಸಿಗೆ ಹೊರಟೆವು; ಇನ್ನು ಗಂಟನ್ನು ದೇವರಿಗೆ ಒಪ್ಪಿಸುವುದೊಂದೇ ಬಾಕಿ. ಮಾಸ್ಟರ್ ಆಗಲೇ ಹುಬ್ಬಳ್ಳಿಯ ಪಂದ್ಯದ ಮಾತು ತೆಗೆದಿದ್ದರು, ಯಶವಂತನ ಮುಖದಲ್ಲೂ ಆಸೆ ಇತ್ತು. ತಾಯಿಯ ಪಕ್ಕದಲ್ಲಿ ಕೂತವನು ಸುಮಾರು ದೂರ ಹೋದ ಮೇಲೆ ಕೇಳಿದ:

"ಅಮ್ಮ, ಇನ್ನೊಂದಕ್ಕೆ ಹೋಗ್ಲಾ? ಈ ಸಲ ಬಾಯಿಬಿಟ್ಟು ಹೇಳು."

ವೆಂಕಮ್ಮ ಅವನ ಊದಿದ ಕಣ್ಣನ್ನು ನೋಡಿದರು. "ಗೆಲ್ಲು ಅಂತ ಕಟ್ಟಿದಾಗ ಗೆಲ್ಲೋದು ಅಂದ್ರೆ ಹಿಂಗೆ ಅಂತ ಗೊತ್ತಿರ್ಲಿಲ್ಲ ಮಗಾ. ಸಾಕು. ನಂಗೆ ತಡೆಯಕ್ಕಾಗಲ್ಲ."

ಮಾಸ್ಟರ್ ಕಿಟಕಿಯ ಕಡೆ ತಿರುಗಿ ಕೂತರು. ಯಶವಂತ ಊದಿದ ಕಣ್ಣನ್ನು ಒಮ್ಮೆ ಮುಟ್ಟಿಕೊಂಡ. ಆಮೇಲೆ "ಆಯ್ತು" ಎಂದ. ತಾಯಿಯ ಭುಜಕ್ಕೆ ತಲೆ ಇಟ್ಟು, ಬಾಯಿ ತೆರೆದುಕೊಂಡು, ತೀರ್ಥಹಳ್ಳಿಯವರೆಗೂ ಗೊರಕೆ ಹೊಡೆದ.