ಗಿರಿಜಾ ಬಾಳಿದ ಲೈನ್ ಮನೆ

ಗಿರಿಜಾ, ನೀನು ಆ ಲೈನ್ ಮನೆಯಲ್ಲಿ ಸಂಸಾರ ಮಾಡಿರಲೇ ಇಲ್ಲ ಎಂದು ಸುಳ್ಳು ಬರೆದುಕೊಟ್ಟವನು ನಾನು. ಎಸ್ಟೇಟಿನ ಸಾಹುಕಾರರು ಬರೆಸಿದರು ಎಂದು ನೀನು ತಿಳಿದಿರಬಹುದು. ಅಲ್ಲ — ಅವರಿಗೆ ವಿಷಯವೇ ಗೊತ್ತಿರಲಿಲ್ಲ.

ಮೂಡಿಗೆರೆ ಕಡೆಯ ಆ ಎಸ್ಟೇಟಿನಲ್ಲಿ ನಾನು ರೈಟರ್. ಆಳುಗಳ ಹಾಜರಿ, ಅವರಿರುವ ಲೈನ್ ಮನೆಗಳ ಹಂಚಿಕೆ ಎಲ್ಲ ನನ್ನ ಕೈಯಲ್ಲಿತ್ತು. ಮನೆಯನ್ನು ಗಂಡಸಿನ ಹೆಸರಿಗೇ ಬರೆಯುವುದು ನಮ್ಮ ರೂಢಿ. ಹನ್ನೊಂದು ವರ್ಷ ನೀನು ಅಲ್ಲಿ ಒಲೆ ಹಚ್ಚಿದೆ, ನೆಲ ಸಾರಿಸಿದೆ. ಪುಸ್ತಕದಲ್ಲಿ ಮಾತ್ರ ನಿನ್ನ ಗಂಡ ಲೋಕಪ್ಪ ಒಬ್ಬನೇ. ಅವನು ಹೊಡೆಯುವ ಸದ್ದು ನನ್ನ ಕ್ವಾರ್ಟರ್ಸಿಗೂ ಕೇಳುತ್ತಿತ್ತು. ನಾನು ರೇಡಿಯೋ ಜೋರು ಮಾಡುತ್ತಿದ್ದೆ.

ಅವನು ನಿನ್ನನ್ನು ಹೊರದಬ್ಬಿ ಬೀಗ ಜಡಿದ. ನೀನು ಕೋರ್ಟಿಗೆ ಹೋದೆ. ಆಗಷ್ಟೇ ಹೊಸ ಕಾನೂನು ಬಂದಿತ್ತು — ಮನೆ ಯಾರ ಹೆಸರಲ್ಲೇ ಇರಲಿ, ಅಲ್ಲಿ ಬಾಳಿದ ಹೆಂಡತಿಯನ್ನು ಹಾಗೆಲ್ಲ ಹೊರಹಾಕುವಂತಿಲ್ಲ. ನೀನು ಬಾಳಿದ್ದೆ ಎಂಬುದಕ್ಕೆ ಎಸ್ಟೇಟಿನ ಒಂದು ಕಾಗದ ಬೇಕಿತ್ತು, ಅಷ್ಟೇ. ಅದನ್ನು ಕೇಳಿಕೊಂಡು ಕೋರ್ಟಿನ ಕಡೆಯಿಂದ ಒಬ್ಬ ಅಧಿಕಾರಿಯಮ್ಮ ಬಂದಾಗ ಗಿಡದ ತುಂಬ ಕಾಫಿ ಹಣ್ಣು. ಲೋಕಪ್ಪ ನಮ್ಮ ಮೇಸ್ತ್ರಿ. ಕೊಯ್ಲಿನ ಆಳುಗಳೆಲ್ಲ ಅವನು ಕರೆತಂದವರು. ಅವನು ಮುನಿಸಿಕೊಂಡು ಗುಂಪನ್ನೇ ಎಬ್ಬಿಸಿಕೊಂಡು ಹೊರಟರೆ — ಹಣ್ಣು ನೆಲಕ್ಕುದುರಿದರೆ — ನನ್ನ ಕೆಲಸ... ಥೂ, ಇಷ್ಟಕ್ಕೇ. "ತವರಲ್ಲೇ ಇದ್ದಳು, ಆಗೀಗ ಬಂದು ಹೋಗುತ್ತಿದ್ದಳು" ಎಂದು ಬರೆದು ಸೀಲು ಒತ್ತಿದೆ.

ಮರುದಿನ ನೀನು ಆಫೀಸಿನ ಕಿಟಕಿಯಾಚೆ ನಿಂತು ಕೇಳಿದೆ: "ರೈಟ್ರೇ, ನಾನ್ ಎಲ್ಲಿದ್ದೆ ಅಂತ ನಿಮ್ಗೆ ಗೊತ್ತಿಲ್ವಾ?"

"ಪುಸ್ತಕದಲ್ಲಿ ನಿನ್ನ ಹೆಸ್ರಿಲ್ಲ ಮಾರಾಯ್ತಿ" ಎಂದೆ. ನಿನ್ನ ಮುಖ ನೋಡಲಿಲ್ಲ. ನಿನ್ನ ಅರ್ಜಿ ಬಿದ್ದುಹೋಯಿತು ಎಂದು ಆಮೇಲೆ ಕೇಳಿದೆ. ಆ ಸಲ ಕೊಯ್ಲು ಸಲೀಸಾಗಿ ಮುಗಿಯಿತು.

ವರ್ಷಗಳು ಕಳೆದವು. ನನ್ನ ಹೆಂಡತಿ ತೀರಿಕೊಂಡಳು. ಈಗ ಆಲ್ದೂರಿನಲ್ಲಿ ಒಬ್ಬನೇ ಇದ್ದೇನೆ. ದಿನಗಟ್ಟಲೆ ಬಾಯಿ ಬಿಚ್ಚುವುದಕ್ಕೂ ಜನವಿಲ್ಲ. ಹೋದ ತಿಂಗಳು ಹೊರನಾಡಿನ ದೇವಸ್ಥಾನಕ್ಕೆ ಹೋಗಿದ್ದೆ. ನಾನು ಇಳಿದುಕೊಂಡ ಕಡೆ ನೆಲ ಒರೆಸುತ್ತಿದ್ದವಳು ನೀನು. ಎಲ್ಲಿರ್ತೀಯಾ ಎಂದು ಕೇಳುವ ಭಂಡತನ ನನಗೆ ಬಂತಲ್ಲ!

ನೀನು ತಲೆಯೆತ್ತದೆ ಹೇಳಿದೆ: "ಇಲ್ಲೇ, ಮೆಟ್ಲು ಕೆಳಗಿನ ಸಂದೀಲಿ ಮಲಗ್ತೀನಿ. ಬರ್ಕೊಳ್ತೀರಾ ರೈಟ್ರೇ?"

ಬರೆದಿದ್ದೇನೆ, ಗಿರಿಜಾ. ಆ ಲೈನ್ ಮನೆಯಲ್ಲಿ ಹನ್ನೊಂದು ವರ್ಷ ಬಾಳಿದವಳು ನೀನೇ ಎಂದು ಬರೆದು, ಸಹಿ ಹಾಕಿ ಇಟ್ಟಿದ್ದೇನೆ. ಕೇಳಿಕೊಂಡು ಬರುವವರು ಈಗ ಯಾರೂ ಇಲ್ಲ.