ಸುಣ್ಣದ ಹೆಬ್ಬೆರಳು

ನಾನು ನಿಂತಿದ್ದು ಮೇಜಿನ ಎಡಗಡೆ, ಕಿಟಕಿಗೆ ಬೆನ್ನು ಮಾಡಿ. ಬೈಲಹೊಂಗಲದ ಬಜಾರದಲ್ಲಿ ಕಾಳಿನ ಅಂಗಡಿಯೊಂದರ ಮೇಲಿನ ಕೋಣೆ ಅದು. ಐದು ವರ್ಷದ ಹಿಂದೆ, ಯುಗಾದಿ ಮುಗಿದ ಮರುವಾರ, ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆ. ಕರೆಂಟು ಹೋಗಿತ್ತು. ನನ್ನ ಬಲಗೈಯಲ್ಲಿದ್ದ ಮೊಬೈಲಿನ ಬೆಳಕು ಗುರುಪಾದಣ್ಣನ ಹೆಬ್ಬೆರಳಿನ ಮೇಲೆ ನೇರ ಬಿದ್ದಿತ್ತು. ಉಗುರಿನ ಸಂದಿಯಲ್ಲಿ ಹಸಿ ಸುಣ್ಣವಿತ್ತು. ಸುಣ್ಣಕ್ಕೆ ತಂಬಾಕಿನ ಒಂದು ಎಸಳು ಅಂಟಿಕೊಂಡಿತ್ತು.

ಆ ಹೆಬ್ಬೆರಳನ್ನು ನೆನೆದರೆ ನನಗೆ ಈಗಲೂ ಹೇಸಿಕೆ ಬರುತ್ತದೆ. ಕಂಪ್ಯೂಟರಿನ ಬಗ್ಗೆ ನನಗೆ ತಿಳಿದಿರುವುದನ್ನೆಲ್ಲ ತೋರಿಸಿಕೊಟ್ಟದ್ದೂ ಅದೇ ಬೆರಳು. ಎರಡನ್ನೂ ಬರೆಯಬೇಕು.

ಗುರುಪಾದಣ್ಣ ಮೊದಲು ನೀರೆತ್ತುವ ಮೋಟರುಗಳಿಗೆ ತಂತಿ ಸುತ್ತುತ್ತಿದ್ದ. ಆಮೇಲೆ ಕಂಪ್ಯೂಟರ್ ಜೋಡಿಸುವುದಕ್ಕೆ ಇಳಿದ. ಕಿತ್ತೂರು, ರಾಮದುರ್ಗದ ಕಡೆಯಿಂದಲೂ ಜನ ಯಂತ್ರಗಳನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅವನ ಹತ್ತಿರ ತರುತ್ತಿದ್ದರು. ಅಂಗಿಯ ಕಿಸೆಯಲ್ಲಿ ತಂಬಾಕಿನ ಚೀಲ, ಸುಣ್ಣದ ಡಬ್ಬಿ. ಹತ್ತು ನಿಮಿಷಕ್ಕೊಮ್ಮೆ ಎಡ ಅಂಗೈಯಲ್ಲಿ ತಿಕ್ಕಿ, ಚಪ್ಪರಿಸಿ, ತುಟಿಯೊಳಗೆ ಇಡುತ್ತಿದ್ದ. ಉಗುಳಲು ಕಾಲ ಬುಡದಲ್ಲಿ ಹಳೆಯ ಫ್ಯಾನಿನ ರಟ್ಟಿನ ಡಬ್ಬಿ. ತೆರೆದ ಕ್ಯಾಬಿನೆಟ್ಟಿನ ಮೇಲೆ ಬಾಗಿ ಮಾತಾಡಿದರೆ ಬೋರ್ಡಿನ ಮೇಲೆ ಕಂದು ಹನಿ ಬೀಳುತ್ತಿದ್ದವು. ಪ್ರೊಸೆಸರಿನ ಶಾಖ ಎಳೆಯಲು ಹಚ್ಚಿ ಒಣಗಿದ ಪೇಸ್ಟನ್ನು ಒರೆಸುವುದಕ್ಕೆ ಹೆಬ್ಬೆರಳಿಗೆ ಉಗುಳು ಹಚ್ಚಿಕೊಳ್ಳುತ್ತಿದ್ದ. ನಾನು ಮುಖ ತಿರುಗಿಸಿದರೆ ನಗುತ್ತಿದ್ದ.

"ಯಾಕ್ರಿ ಫೋಟೋದವರ, ಹೇಸಿಗಿ ಬಂತೇನು? ನಿಮ್ಮ ಮದುವಿ ವಿಡಿಯೋದಾಗ ಮಂದಿ ಉಣ್ಣೂದು ತೋರಸ್ತೀರಲ್ಲ, ಅದಕ್ಕಿಂತ ಸ್ವಚ್ಛ ಐತಿ ಇದು."

ನನ್ನದು ಸವದತ್ತಿಯಲ್ಲಿ ಸಣ್ಣ ಸ್ಟುಡಿಯೋ. ಮದುವೆಗಳ ಫೋಟೋ, ವಿಡಿಯೋ. ಅವನ ಪರಿಚಯವಾದದ್ದು ನಾನು ಮಾಡಿಕೊಂಡ ಒಂದು ತಪ್ಪಿನಿಂದ. ವೇಗ ಏರಿಸಬಹುದಾದ ಪ್ರೊಸೆಸರನ್ನು ಹುಬ್ಬಳ್ಳಿಯಿಂದ ತಂದಿದ್ದೆ. ಅದರ ಜೊತೆ, ಸಾಕೆಟ್ ಹೊಂದುತ್ತದಲ್ಲ ಎಂದು, ಸಾದಾ ಮದರ್‌ಬೋರ್ಡ್ ಕೊಂಡಿದ್ದೆ. ಪ್ರೊಸೆಸರ್ ಅದರಲ್ಲಿ ಕೂತಿತು, ಯಂತ್ರ ಚಾಲೂ ಆಯಿತು. ಆದರೆ ವೇಗ ಏರಿಸುವ ಆಯ್ಕೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಗುರುಪಾದಣ್ಣ ಬೋರ್ಡಿನ ಮೇಲಿನ ಅಕ್ಷರ ಓದಿ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ.

"ಐದು ಎಚ್‌ಪಿ ಮೋಟರ್ ತಂದು ಮೂರು ಎಚ್‌ಪಿ ಸ್ಟಾರ್ಟರಿಗೆ ಕಟ್ಟೀರಿ. ಬೋಲ್ಟ್ ಕೂಡತಾವು, ತಂತಿ ಕೂಡತಾವು. ಹಂಗಂತ ಅದು ಎಳೀತೈತೇನು? ಸಾಕೆಟ್ ನೋಡಬ್ಯಾಡ್ರಿ. ಬೋರ್ಡಿನ ಚಿಪ್‌ಸೆಟ್ ವೇಗಾ ಏರಸಾಕ ಬಿಡತೈತೋ ಇಲ್ಲೋ ನೋಡ್ರಿ. ಆಮ್ಯಾಲ ಪ್ರೊಸೆಸರಿಗೆ ಕರೆಂಟ್ ಕೊಡೂ ಭಾಗ ಇಲ್ಲಿ ಐತಿ, ಇದರ ಮ್ಯಾಲ ತಗಡಿನ ಟೊಪಗಿ ಐತೋ ಇಲ್ಲೋ ನೋಡ್ರಿ. ಬರಿತಲಿ ಇದ್ರ ಬಿಸಲಿಗೆ ಸಾಯತೈತಿ."

ಬೋರ್ಡ್ ಬದಲಾಯಿಸಿ, ಎರಡು ದಿನ ಕೂತು ನನ್ನ ಯಂತ್ರದ ವೇಗ ಏರಿಸಿಕೊಟ್ಟ. ಒಮ್ಮೆಲೇ ಏರಿಸಲಿಲ್ಲ. ನೂರು ಮೆಗಾಹರ್ಟ್ಸ್ ಏರಿಸುವುದು, ಅರ್ಧ ತಾಸು ಓಡಿಸುವುದು, ಬೆರಳ ಹಿಂಬದಿಯನ್ನು ಪ್ರೊಸೆಸರಿನ ಮೇಲಿನ ಲೋಹದ ತಂಪುಪಟ್ಟಿಗೆ ತಾಗಿಸಿ ತಕ್ಷಣ ಕಿವಿಯ ಹಾಲೆಗೆ ಒತ್ತುವುದು. ಪರದೆಯ ಮೇಲೆ ಉಷ್ಣಾಂಶ ಕಾಣುತ್ತಿದ್ದರೂ ಕಿವಿಯನ್ನು ಕೇಳದೆ ಮುಂದೆ ಹೋಗುತ್ತಿರಲಿಲ್ಲ. ಐದು ತಾಸು ಹಿಡಿಯುತ್ತಿದ್ದ ಮದುವೆಯ ವಿಡಿಯೋ ನಾಲ್ಕೇ ತಾಸಿಗೆ ತಯಾರಾಗತೊಡಗಿತು. ನಾನು ಅವನ ಪಾದ ಮುಟ್ಟುವುದೊಂದು ಬಾಕಿ ಇತ್ತು.

ಈಗ ಆ ಮಂಗಳವಾರ.

ಹೊಸ ಯಂತ್ರ ಜೋಡಿಸಿಕೊಂಡು ಹೋಗಲು ಕಟಕೋಳದಿಂದ ರೇಣುಕಾ ಬಂದಿದ್ದಳು. ಮೂವತ್ತರ ಒಳಗಿನ ಸೊಸೆ. ಮೂವರು ಫೋಟೋಗ್ರಾಫರುಗಳ ವಿಡಿಯೋಗಳನ್ನು ಮನೆಯಲ್ಲೇ ಕೂತು ಎಡಿಟ್ ಮಾಡುವ ಕೆಲಸ ಒಪ್ಪಿಕೊಂಡಿದ್ದಳು. ಮನೆಯ ಹಿರಿಯ ಅವಳ ಭಾವ ಮಲ್ಲಪ್ಪ. "ಒಂದು ಸೀಸನ್ ನೋಡೂಣು, ಮಷೀನ್ ಕೆಡಿಸಿದಿ ಅಂದ್ರ ಮುಗೀತು" ಎಂದು ಹೇಳಿ ಕಳಿಸಿದ್ದರಂತೆ. ಇದನ್ನು ಅವಳೇ ನಗುತ್ತ ಹೇಳಿದಳು. ಹೇಳಿ, ಹೊರಗೆ ಮೆಟ್ಟಿಲ ಮೇಲೆ ಗಾಳಿಗೆ ಕೂತಳು. ಒಳಗೆ ನಾವು ಮೂವರೇ ಇದ್ದೆವು: ಗುರುಪಾದಣ್ಣ, ನಾನು, ಅದೇ ಕೋಣೆಯಲ್ಲಿ ಬ್ಯಾಟರಿ ರಿಪೇರಿ ಮಾಡುತ್ತಿದ್ದ ಯಲ್ಲಪ್ಪ ಕಾಕಾ.

ಅವಳ ಹೊಸ ಬೋರ್ಡಿನ ಸಾಕೆಟ್ ತೆರೆದಿತ್ತು. ಅದರೊಳಗೆ ಸಾವಿರಕ್ಕೂ ಮಿಕ್ಕಿದ ಸೂಜಿಗಳು, ಚಿನ್ನದ ಬಣ್ಣದವು, ಕೂದಲಿಗಿಂತ ಮೆತ್ತಗೆ. ಗುರುಪಾದಣ್ಣ ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಂಡ. ಕೈ ಒರೆಸಿಕೊಳ್ಳಲಿಲ್ಲ. ಪ್ರೊಸೆಸರ್ ಎತ್ತಿ ಸಾಕೆಟ್ಟಿನ ಮೇಲೆ ತಂದಾಗ ಉಗುರಿನ ಸುಣ್ಣ ಕಳಚಿ ಒಳಗೆ ಬಿತ್ತು. ಸಾಸಿವೆಯ ಅರ್ಧದಷ್ಟು ಇರಬಹುದು. ಅದು ಅವನ ಕಣ್ಣಿಗೂ ಬಿತ್ತು. ಪ್ರೊಸೆಸರ್ ಬದಿಗಿಟ್ಟು, ಅಂಗಿಯ ಕಾಲರಿನಿಂದ ಪಿನ್ನು ತೆಗೆದ. ಊಟದ ನಂತರ ಹಲ್ಲು ಕೆದಕಿಕೊಳ್ಳುತ್ತಿದ್ದ ಪಿನ್ನು ಅದು. ಅದರ ತುದಿಯಿಂದ ಸುಣ್ಣ ಕೆದಕಿದ. ಒಂದಿಷ್ಟು ಮೇಲೆ ಬಂತು, ಒಂದಿಷ್ಟು ಸೂಜಿಗಳ ಬುಡಕ್ಕೆ ಇಳಿಯಿತು. ಪಿನ್ನು ಜಾರಿತು. ನಾಲ್ಕೈದು ಸೂಜಿ ಒಂದೇ ಕಡೆ ಮಲಗಿದವು.

"ಏ ಗುರುಪಾದಾ, ಕೈ ತೊಳಕೋಬಾರದೇನಲೇ?" ಯಲ್ಲಪ್ಪ ಕಾಕಾ ನನ್ನ ಭುಜದ ಪಕ್ಕದಿಂದ ನೋಡುತ್ತಿದ್ದರು.

"ನೀ ನಿನ್ನ ಆ್ಯಸಿಡ್ ನೋಡಕೋ, ಕಾಕಾ," ಎಂದ ಗುರುಪಾದಣ್ಣ. ಸೂಜಿಗಳನ್ನು ಅಂದಾಜಿನಲ್ಲಿ ಎತ್ತಿ ನಿಲ್ಲಿಸಿ, ಪ್ರೊಸೆಸರ್ ಕೂಡಿಸಿ, ಕೊಂಡಿ ಹಾಕಿದ. ಆಮೇಲೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. "ಏನೂ ಆಗಿಲ್ಲರಿ. ಟಾರ್ಚ್ ಆರಸ್ರಿ, ಬ್ಯಾಟರಿ ಖಾಲಿ ಆಕ್ಕೈತಿ."

ಕರೆಂಟು ಬಂತು. ಯಂತ್ರ ಚಾಲೂ ಆಯಿತು. ಅವಳಿಗೂ ವೇಗ ಏರಿಸಿಕೊಟ್ಟ. ರೇಣುಕಾ ಎರಡೂ ಕೈ ಮುಗಿದು ಹೋದಳು.

ಒಂಬತ್ತು ದಿನದ ಮೇಲೆ, ಗುರುವಾರ, ಯಂತ್ರ ಹೊತ್ತುಕೊಂಡು ಮಲ್ಲಪ್ಪನವರೇ ಬಂದರು, ಹಿಂದೆ ಅವಳು. ಯಂತ್ರ ಸತ್ತಿತ್ತು. ನನ್ನ ಯಂತ್ರವೂ ಆ ದಿನ ಧೂಳು ತೆಗೆಸಲೆಂದು ಅದೇ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ನಾನು ಅದೇ ಎಡಗಡೆ ಇದ್ದೆ. ಗುರುಪಾದಣ್ಣ ಪ್ರೊಸೆಸರ್ ಎತ್ತಿದ. ಸೂಜಿಗಳ ಬುಡದಲ್ಲಿ ಬಿಳಿ ಹುಡಿ ಇತ್ತು, ಪಕ್ಕದಲ್ಲಿ ಕರಕಲು. ಅವನು ಬಾಗಿ ಉಫ್ ಎಂದು ಊದಿದ. ತಂಬಾಕಿನ ನಾತ ನನ್ನ ಮುಖಕ್ಕೆ ಬಂತು. ಆಮೇಲಷ್ಟೇ ಭೂತಗನ್ನಡಿಯನ್ನು ಮಲ್ಲಪ್ಪನವರ ಕೈಗೆ ಕೊಟ್ಟ.

"ನೋಡ್ರಿ ಯಜಮಾನ್ರ. ಸೂಜಿ ಮಲಗ್ಯಾವು. ಮನಿಯಾಗ ಯಾರೋ ಬಿಚ್ಯಾರ."

"ನಾ ಬಿಚ್ಚಿಲ್ರಿ, ಭಾವ್ರ," ಎಂದಳು ರೇಣುಕಾ. "ಮುಚ್ಚಳಾ ಸೈತ ಮುಟ್ಟಿಲ್ಲ."

"ತಿಳೀಲಾರದ ಬಿಚ್ಚಿರತೀ ತಂಗಿ, ತಪ್ಪಲ್ಲ. ಹೊಸಾದ್ರಾಗ ಎಲ್ಲಾರಿಗೂ ನೋಡಬೇಕಂತ ಆಸೆ ಇರತೈತಿ."

ಎಷ್ಟು ಮೆತ್ತಗೆ ಹೇಳಿದ! ಬೈದಿದ್ದರೆ ಅವಳು ಜಗಳವಾದರೂ ಆಡುತ್ತಿದ್ದಳೇನೋ. ಅವಳು ನನ್ನ ಕಡೆ ತಿರುಗಿದಳು.

"ಅಣ್ಣಾರ, ಅವತ್ತ ನೀವ ಟಾರ್ಚ್ ಹಿಡದಿದ್ದು ಮೆಟ್ಟಲಿಂದ ಕಂಡಿದ್ದೆ. ಹೇಳ್ರಿ, ಇದನ್ನ ಕೂಡಸುವಾಗ ಸೂಜಿ ಎಲ್ಲಾ ನೆಟ್ಟಗ ಇದ್ದುವೇನು?"

ನಾನು ನನ್ನ ಬಿಚ್ಚಿದ ಯಂತ್ರವನ್ನು ನೋಡಿದೆ. ಮರುದಿನ ಒಂದು ಮದುವೆ ಕೊಡಬೇಕಿತ್ತು.

"ನನಗ ಅಷ್ಟ ಗೊತ್ತಾಗಲಿಲ್ಲವಾ," ಎಂದೆ.

ಯಲ್ಲಪ್ಪ ಕಾಕಾ ಆ ದಿನ ಸಂತೆಗೆ ಹೋಗಿದ್ದರು. ಮಲ್ಲಪ್ಪನವರು ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟು, "ನಡಿಯವಾ" ಎಂದರು. ಅಷ್ಟೇ. ಅವಳು ಮೆಟ್ಟಿಲಿಳಿಯುವಾಗ ಚಪ್ಪಲಿ ಹಾಕಿಕೊಳ್ಳುವುದನ್ನು ಮರೆತು, ತಿರುಗಿ ಮೇಲೆ ಬಂದು ಹಾಕಿಕೊಂಡು ಹೋದಳು. ನನ್ನನ್ನು ನೋಡಲಿಲ್ಲ.

ಅವಳ ಕೆಲಸ ಅಲ್ಲಿಗೆ ನಿಂತಿತು. ಅವಳು ಒಪ್ಪಿಕೊಂಡಿದ್ದ ಮದುವೆಗಳಲ್ಲಿ ಎರಡು ನನ್ನ ಬಳಿಗೇ ಬಂದವು. ನಾನು ಮಾಡಿಕೊಟ್ಟೆ. ನಾಲ್ಕು ನಾಲ್ಕು ತಾಸಿನಲ್ಲಿ ಆದವು.

ಗುರುಪಾದಣ್ಣನನ್ನು ಕೊನೆಯ ಸಲ ಕಂಡದ್ದು ಹೋದ ವರ್ಷ, ಅವನ ಮನೆಯಲ್ಲಿ. ಅಂಗಡಿ ಬಿಟ್ಟಿದ್ದ, ಒಂದು ಕಣ್ಣಿಗೆ ಆಪರೇಷನ್ ಆಗಿತ್ತು. ಹೊಸ ಬೋರ್ಡೊಂದನ್ನು ಅವನ ಕೈಯಿಂದಲೇ ಜೋಡಿಸಿಕೊಳ್ಳಬೇಕೆಂದು ಹೋಗಿದ್ದೆ. ಅವನು ಅದನ್ನು ತಿರುಗಿಸಿ ನೋಡಿ, "ಈ ಸಲ ಬರೋಬ್ಬರಿ ತಂದೀರಿ" ಎಂದ. ನನಗೆ ಸಂತೋಷವಾಯಿತು, ಆ ಸಂತೋಷದ ಬಗ್ಗೆಯೂ ಹೇಸಿಕೆಯಾಯಿತು. ಅವನು ತಂಬಾಕು ತಿಕ್ಕಿ ಸಾಕೆಟ್ಟಿನ ಕಡೆ ಕೈ ಚಾಚಿದ.

"ಕೈ ತೊಳಕೋರಿ, ಅಣ್ಣಾರ," ಎಂದೆ.

ಅವನ ಕೈ ಅಲ್ಲೇ ನಿಂತಿತು. ಎದ್ದು ಬಚ್ಚಲಿಗೆ ಹೋದ. ಬಹಳ ಹೊತ್ತು ನೀರಿನ ಸಪ್ಪಳ ಕೇಳಿತು. ಬಂದು, ಎರಡೂ ಕೈ ನನ್ನ ಮುಂದೆ ಚಾಚಿದ. ಉಗುರುಗಳನ್ನು ತಿಕ್ಕಿ ತಿಕ್ಕಿ ಬೆರಳ ತುದಿಗಳು ಕೆಂಪಾಗಿದ್ದವು.

"ಆ ಕಟಕೋಳದ ಹುಡಿಗಿ ನೆನಪು ಐತೇನ್ರಿ ನಿಮಗ?"

"ಐತಿ."

"ಖರೇ ಹೇಳಾಕ ನನಗ ಬಾಯಿ ಬರಲಿಲ್ಲ. ಮೂವತ್ತು ವರ್ಷದ ಹೆಸರು. ನಿಮಗೇನಾಗಿತ್ತು?"

ನಾನು ಪ್ರೊಸೆಸರಿನ ಡಬ್ಬಿ ತೆರೆದು ಅವನ ಮುಂದಿಟ್ಟೆ. ಅವನು ಪ್ರೊಸೆಸರನ್ನು ಎರಡು ಬೆರಳಲ್ಲಿ ಅಂಚು ಹಿಡಿದು ಇಳಿಸಿದ. ಅಷ್ಟು ಸ್ವಚ್ಛವಾಗಿ ಅವನು ಕೆಲಸ ಮಾಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಈ ಮಳೆಗಾಲ ಅವನು ತೀರಿಕೊಂಡ. ಬಜಾರದಲ್ಲಿ ಅವನ ಫೋಟೋದ ಫ್ಲೆಕ್ಸ್ ಕಟ್ಟಿದ್ದರು. ಫೋಟೋ ನಾನು ತೆಗೆದದ್ದೇ. ಅಂಗಡಿಯವರು ಸೇರಿ ಸಣ್ಣ ಪುಸ್ತಕ ತರುತ್ತಾರಂತೆ. ಗುರುಪಾದಣ್ಣನ ಕೈಗುಣದ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ನನ್ನನ್ನು ಕೇಳಿದರು. ಬರೆದಿದ್ದೇನೆ. ಅಚ್ಚು ಹಾಕುವುದು ಬಿಡುವುದು ಅವರಿಗೆ ಸೇರಿದ್ದು. ಈ ಬರಹದ ಒಂದು ಪ್ರತಿಯನ್ನು ಕಟಕೋಳಕ್ಕೆ, ಮಲ್ಲಪ್ಪನವರ ಹೆಸರಿಗೆ, ನಾನೇ ಒಯ್ದು ಕೊಡುತ್ತೇನೆ.

ರೇಣುಕಾ ಆ ಯಂತ್ರವನ್ನು ಬಿಚ್ಚಲಿಲ್ಲ. ಆ ಮಂಗಳವಾರ ಸುಣ್ಣ ಬಿದ್ದದ್ದನ್ನು, ಪಿನ್ನು ಜಾರಿದ್ದನ್ನು ಕಂಡವರಲ್ಲಿ ಇಬ್ಬರು ಇನ್ನೂ ಬದುಕಿದ್ದೇವೆ. ಒಬ್ಬರು ಯಲ್ಲಪ್ಪ ಕಾಕಾ. ದೊಡವಾಡದಲ್ಲಿ ಮಗಳ ಮನೆಯಲ್ಲಿದ್ದಾರೆ. ಕಿವಿ ಮಂದವಾಗಿದೆ, ಕೂಗಿ ಕೇಳಬೇಕು; ಕೇಳಿದರೆ ಹೇಳುತ್ತಾರೆ. ಇನ್ನೊಬ್ಬ ಟಾರ್ಚ್ ಹಿಡಿದಿದ್ದ ನಾನು.